ವೆನಿಲ್ಲಾ ಹೂವಿಗೆ ದುಂಬಿಯ ಬದಲು ಹಿಡಿಕಡ್ಡಿ

ನಮ್ಮ ಅಡಿಕೆ ತೋಟದಲ್ಲಿ ಜೇನಿಗೆ ಬರವಿಲ್ಲ. ಏಲಕ್ಕಿ ಹೂ ಬಿಟ್ಟರೆ ತುಡುವೆ ಜೇನು ಬೆಳಗ್ಗೆಯೇ ಹಾಜರು. ಬೇಸಿಗೆಯ ಮಳೆಗೆ ಕಾಫಿ ಅರಳಿದರೆ ಹೆಜ್ಜೇನೂ ಬರುತ್ತದೆ. ಅಲ್ಲಿ ಕಾಯಿ ಕಟ್ಟಿಸುವ ಕೆಲಸಕ್ಕೆ ನಾನು ಕೂಲಿ ಕೊಟ್ಟವನಲ್ಲ. ವೆನಿಲ್ಲಾದ ಲೆಕ್ಕವೇ ಬೇರೆ. ಮೆಕ್ಸಿಕೊದ ಕಾಡಿನ ಈ ಆರ್ಕಿಡ್ ಬಳ್ಳಿ ಇಲ್ಲಿಗೆ ಬಂದಾಗ ಅದರ ದುಂಬಿ ಅಲ್ಲಿಯೇ ಉಳಿಯಿತು. ನಮ್ಮ ಮಿಸರಿ, ಅಂದರೆ ಕುಟುಕದ ಪುಟ್ಟ ಜೇನು, ಹೂವಿನೊಳಗೆ ಹೊಕ್ಕು ಹೊರಬರುವುದನ್ನು ಕಂಡಿದ್ದೇನೆ, ಅದರಿಂದ ಕಾಯಿ ಕಟ್ಟಿದ್ದನ್ನು ಕಂಡಿಲ್ಲ.

ತೊಡಕಿರುವುದು ಹೂವಿನ ರಚನೆಯಲ್ಲಿ. ಒಳಗಿನ ಪುಟ್ಟ ಕಂಬದ ತುದಿಯಲ್ಲಿ ಪರಾಗದ ಮುದ್ದೆಯಿದೆ, ಅದರ ಕೆಳಗೇ ಅಂಟಂಟಾದ ಶಲಾಕಾಗ್ರ, ಅಂದರೆ ಕಾಯಿ ಕಟ್ಟಲು ಪರಾಗ ತಾಗಬೇಕಾದ ಜಾಗ. ಎರಡರ ನಡುವೆ ಕಿರುನಾಲಿಗೆಯಂಥ ತೆಳು ಪರದೆ. ತನ್ನ ಪರಾಗ ತನಗೇ ತಾಗದಿರಲಿ, ದುಂಬಿಯ ಬೆನ್ನೇರಿ ಇನ್ನೊಂದು ಹೂವಿಗೆ ಹೋಗಲಿ ಎಂಬ ಏರ್ಪಾಡು ಅದು. ನಾವು ಮಾಡುವುದು ಸರಿಯಾಗಿ ಅದರ ವಿರುದ್ಧದ ಕೆಲಸ. ತಮಾಷೆಯೆಂದರೆ, ಬಳ್ಳಿಯೇನೂ ತಕರಾರು ಮಾಡುವುದಿಲ್ಲ.

ತೆಂಗಿನ ಹಿಡಿಕಡ್ಡಿಯ ತುದಿಯನ್ನು ನಯವಾಗಿ ಹೆರೆದುಕೊಳ್ಳುತ್ತೇನೆ. ಹೂವನ್ನು ಎಡಗೈಯಲ್ಲಿ ಹಿಡಿದು, ಮುಂದಿನ ತುಟಿಯಂಥ ದಳವನ್ನು ಸೀಳಿದರೆ ಕಂಬ ಕಾಣುತ್ತದೆ. ಕಡ್ಡಿಯಿಂದ ಪರದೆಯನ್ನು ಮೇಲೆತ್ತಿ, ಎಡ ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲಗೆ ಒತ್ತಿದರೆ ಅದು ಶಲಾಕಾಗ್ರಕ್ಕೆ ಕಚ್ಚಿಕೊಳ್ಳುತ್ತದೆ. ಕೈ ಪಳಗಿದವರಿಗೆ ಒಂದು ಬೆಳಗಿಗೆ 1,000 ಹೂವು ದೊಡ್ಡ ಮಾತಲ್ಲ. ನಮ್ಮ ಮನೆಯಲ್ಲಿ ಅಮ್ಮನ ಮುಂದೆ ನಾನು ನಿಧಾನ. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, ಆಗ ಗುಲಾಮನಾಗಿದ್ದ 12ರ ಹುಡುಗ. ವೆನಿಲ್ಲಾ ಬೆಳೆಗಾರರು ಇಂದಿಗೂ ಹೆಚ್ಚುಕಡಿಮೆ ಅವನ ದಾರಿಯಲ್ಲೇ ಇದ್ದಾರೆ.

ಹೂವು ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಗೊಂಚಲಿನಲ್ಲಿ 15–20 ಮೊಗ್ಗುಗಳಿದ್ದರೂ ದಿನಕ್ಕೆ ಒಂದೆರಡು ಮಾತ್ರ ಬಿರಿಯುತ್ತವೆ. ಹೀಗಾಗಿ ಹೂವಿನ ಕಾಲದಲ್ಲಿ ಮದುವೆಯಿರಲಿ, ಮುಂಜಿಯಿರಲಿ, ನಾವು ಊಟದ ಹೊತ್ತಿಗೇ ತಲುಪುವವರು. ಮರುದಿನ ಹೂವು ಉದುರಿದ್ದರೆ ಪರಾಗ ತಾಗಿಲ್ಲವೆಂದು ಅರ್ಥ. ಬಾಡಿಯೂ ತೊಟ್ಟಿಗೆ ಕಚ್ಚಿಕೊಂಡಿದ್ದರೆ ಕಾಯಿ ಖಾತ್ರಿ.

ಹೊಸಬರು ಸಿಕ್ಕ ಹೂವಿಗೆಲ್ಲ ಕಡ್ಡಿ ತಾಗಿಸುತ್ತಾರೆ. ಅದು ಬೇಡ. ತವರಿನ ಕಾಡಿನಲ್ಲಿ ದುಂಬಿಯಿಂದ ಕಾಯಿ ಕಟ್ಟುವುದು ಬಲು ವಿರಳ. ಕೈಯಿಂದ ಮಾಡಿದರೆ ಮುಟ್ಟಿದ್ದರಲ್ಲಿ ಹೆಚ್ಚಿನದು ಕಾಯಾಗುತ್ತದೆ, ಅಷ್ಟನ್ನೂ 9–10 ತಿಂಗಳು ಹೊತ್ತ ಬಳ್ಳಿ ಸೊರಗಿ ಮುಂದಿನ ವರ್ಷ ಹೂವನ್ನೇ ಬಿಡದಿರಬಹುದು. ನಾನು ಗೊಂಚಲಿಗೆ 8–10 ಹೂವು ಮುಟ್ಟುತ್ತೇನೆ, ಅದೂ ಕೆಳಮುಖವಾದವನ್ನು. ಅವುಗಳ ಕಾಯಿ ನೆಟ್ಟಗೆ ಇಳಿಯುತ್ತದೆ. ಅಷ್ಟು ಕಟ್ಟಿದ ಮೇಲೆ ಉಳಿದ ಮೊಗ್ಗುಗಳನ್ನು ಚಿವುಟಿಬಿಡುತ್ತೇನೆ.