ಕೌದಿಯ ಅಂಚುಪಟ್ಟಿಗೆ ಎಷ್ಟು ಬಟ್ಟೆ ಬೇಕು: ನಾನು ಹಾಕುವ ಲೆಕ್ಕ

ಹಳೆ ಸೀರೆಗಳನ್ನು ಪದರವಾಗಿ ಹಾಸಿ ಹೊಲಿಯುವ ಹೊದಿಕೆ ಕೌದಿ; ಅದರ ಸುತ್ತ ಹಚ್ಚುವ ಅಂಚುಪಟ್ಟಿಗೆ ಬಟ್ಟೆ ಕೇಳಿದರೆ ಅಂಗಡಿಯವರು "ಎರಡು ಮೀಟರ್ ಒಯ್ಯಿರಿ ಅಕ್ಕಾರ, ಉಳಿದರ ಉಳೀತೈತಿ" ಅಂತಾರೆ. ಮನೆಗೊಂದು ಕೌದಿ ಹೊಲಿಯುವವರು ಒಯ್ಯಲಿ. ಆರ್ಡರ್ ಹಿಡಿದು ಹೊಲಿಯುವ ನನಗೆ ಉಳಿದ ತುಂಡುಗಳ ಗಂಟು ಈಗಾಗಲೇ ಬೇಕಾದಷ್ಟಿದೆ. ಹಾಗಾಗಿ ಲೆಕ್ಕ ಹಾಕಿಕೊಂಡೇ ಅಂಗಡಿಗೆ ಹೋಗುತ್ತೇನೆ.

ಅಳತೆ ತೆಗೆಯುವುದು ಕೌದಿ ಹೊಲಿದು ಮುಗಿದ ಮೇಲೆ. ನಾಲ್ಕೈದು ಪದರ ಸೀರೆ ಹಾಸಿ, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುತ್ತ ಹೋದಂತೆ ಬಟ್ಟೆ ಕುಗ್ಗುತ್ತದೆ. 90 × 60 ಇಂಚು ಹಾಸಿದ್ದು ನನ್ನ ಕೈಯಲ್ಲಿ 87 × 57ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೈ ಬಿಗಿ ಇದ್ದವರಿಗೆ ಇನ್ನೂ ಕಡಿಮೆ. ಸುತ್ತಳತೆ 288 ಇಂಚು. ನಾಲ್ಕು ಮೂಲೆ ಮಡಚಲು, ಕೊನೆಗೆ ಎರಡು ತುದಿ ಕೂಡಿಸಲು 12 ಇಂಚು ಸೇರಿಸಿದರೆ 300.

ಪಟ್ಟಿಯ ಅಗಲಕ್ಕೆ ನಾನು ಜಿಪುಣತನ ಮಾಡುವುದಿಲ್ಲ. ಹೊದಿಕೆಯನ್ನು ನಿತ್ಯ ಹಿಡಿದೆಳೆಯುವುದು ಅಂಚಿನಲ್ಲೇ, ಮೊದಲು ಸವೆಯುವುದೂ ಅದೇ. ಅದಕ್ಕೆ ಪಟ್ಟಿಯನ್ನು ಉದ್ದಕ್ಕೆ ಜೋಡಿ ಮಡಚಿ ಹಚ್ಚುತ್ತೇನೆ. ಅಂಚು ಅರ್ಧ ಇಂಚು ಕಾಣಬೇಕೆಂದರೆ ಅದರ ಆರು ಪಟ್ಟು, ಅಂದರೆ 3 ಇಂಚು; ಕೌದಿಯ ದಪ್ಪಕ್ಕೆಂದು ಇನ್ನರ್ಧ. ಒಟ್ಟು 3½.

ಇನ್ನು ಬಟ್ಟೆ. ಬಹಳ ಜನ 300ನ್ನು ಪನ್ನಾದಿಂದ, ಅಂದರೆ ಬಟ್ಟೆಯ ಅಗಲದಿಂದ, ಭಾಗಿಸಿ ಸುಮ್ಮನಾಗುತ್ತಾರೆ, ಜೋಡಣೆ ತಿನ್ನುವ ಬಟ್ಟೆಯನ್ನು ಎಣಿಸುವುದಿಲ್ಲ. 36 ಇಂಚಿನ ಪಾಪ್ಲಿನ್‌ನಲ್ಲಿ ಎರಡೂ ಬದಿಯ ಕಿನಾರ, ಅಂದರೆ ನೇಯ್ದ ಗಟ್ಟಿ ಅಂಚು, ತೆಗೆದರೆ ಸಿಗುವುದು 34. ಪಟ್ಟಿಗಳನ್ನು ಓರೆಯಾಗಿ ಕೂಡಿಸಿದಾಗ ಒಂದೊಂದು ಜೋಡಣೆಗೂ ಪಟ್ಟಿಯ ಅಗಲದಷ್ಟು, ಅಂದರೆ 3½ ಇಂಚು ಉದ್ದ ಹೋಗುತ್ತದೆ. ಕೈಗೆ ದಕ್ಕುವುದು 30½. ಹತ್ತು ಪಟ್ಟಿ ಬೇಕು. ಹತ್ತು ಮೂರೂವರೆ ಮೂವತ್ತೈದು. ಒಂದು ಮೀಟರ್ ಎಂದರೆ 39 ಇಂಚಿನ ಮೇಲೆ, ಸಾಕು. ನೇರ ಜೋಡಿಸಿದರೆ ಒಂಬತ್ತೇ ಪಟ್ಟಿಯಲ್ಲಿ ಆಗುತ್ತದೆ ನಿಜ, ಆದರೆ ಮಡಚಿದಾಗ ಹೊಲಿಗೆಯೆಲ್ಲ ಒಂದೇ ಕಡೆ ಗಂಟುಕಟ್ಟಿ ಸೂಜಿ ಹೋಗುವುದಿಲ್ಲ. ಒಂದು ಪಟ್ಟಿ ಉಳಿಸಲು ಹೋಗಿ ಬೆರಳು ಚುಚ್ಚಿಕೊಳ್ಳುವ ಉಸಾಬರಿ ನನಗೆ ಬೇಡ.

44ರ ದೊಡ್ಡ ಪನ್ನಾ ಸಿಕ್ಕರೆ ಎಂಟು ಪಟ್ಟಿ, 28 ಇಂಚು; ಮುಕ್ಕಾಲು ಮೀಟರ್, ಅಂದರೆ ಇಪ್ಪತ್ತೊಂಬತ್ತೂವರೆ ಇಂಚು, ಕೇಳುತ್ತೇನೆ. ಆದರೆ ಅಂಗಡಿಯಲ್ಲಿ ಓರೆಯಾಗಿ ಕತ್ತರಿಸಿಬಿಟ್ಟರೆ ಆ ಒಂದೂವರೆ ಇಂಚಿನ ಉಳಿಕೆ ಅಲ್ಲೇ ಹೋಯಿತು, ನಿಂತು ನೋಡಿಕೊಳ್ಳಬೇಕು. ಹೊಸ ಕಾಟನ್ ಆದರೆ ಹತ್ತು ಸೆಂಟಿಮೀಟರ್ ಹೆಚ್ಚು ತಂದು, ನೀರಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿ.

ಸೀರೆಯಿಂದ ಪಟ್ಟಿ ತೆಗೆಯುವುದಾದರೆ ಲೆಕ್ಕವೇ ಬೇರೆ. ಐದೂವರೆ ಮೀಟರ್ ಕಾಟನ್ ಸೀರೆಯ ಉದ್ದ 216 ಇಂಚು. ಉದ್ದುದ್ದ ಹರಿದ ಎರಡೇ ಪಟ್ಟಿಯಲ್ಲಿ ಕೆಲಸ ಮುಗಿಯುತ್ತದೆ. ಒಂಬತ್ತು ಗಜದ ಇಳಕಲ್ ಸೀರೆ 324 ಇಂಚು. ಅದರಲ್ಲಿ ಸೆರಗನ್ನು ಕೊಂಡಿ ಹಾಕಿ ಮೈಗೆ ಜೋಡಿಸಿರುತ್ತಾರೆ, ಪಟ್ಟಿ ಆ ಜೋಡಣೆ ದಾಟುವುದು ಬೇಡ. ಸೆರಗು ಬಿಟ್ಟು ಹರಿದರೆ, ಕಮ್ಮಿಬಿದ್ದಷ್ಟಕ್ಕೆ ಒಂದು ಸಣ್ಣ ತುಂಡು ಸೇರಿಸಿದರಾಯಿತು. ಹರಿಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಆಚೆ ಇರುವ ಕೈ ಕಂಡರೆ ಆ ಸೀರೆ ಒಳಪದರಕ್ಕೇ ಸರಿ.

ದುಂಡು ಮೂಲೆಯ ಕೌದಿಗೆ ಮಾತ್ರ ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿ, ಬೇಕು. ಕ್ರಾಸ್ ಎಂದರೆ ಬಟ್ಟೆ ದುಪ್ಪಟ್ಟು ಎಂಬ ಹೆದರಿಕೆ ಇದೆ, ಹಾಗೇನಿಲ್ಲ. 300ನ್ನು 3½ರಿಂದ ಗುಣಿಸಿದರೆ 1050. 34 ಇಂಚಿನ ಚೌಕದಲ್ಲಿ ಇರುವುದು 1156. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಕೂಡಿಸಿ, ಕೊಳವೆ ಮಾಡಿ ಸುತ್ತಲೂ ಒಂದೇ ಪಟ್ಟಿಯಾಗಿ ಕತ್ತರಿಸುತ್ತ ಹೋದರೆ ಅದೇ ಒಂದು ಮೀಟರ್ ಪಾಪ್ಲಿನ್‌ನಲ್ಲಿ ಆಗುತ್ತದೆ. ಮಿಕ್ಕ ಚೂರುಗಳನ್ನು ಮುಕ್ಕೋನ ಮಡಚಿ ಮೂಲೆಗೆ ಇಡುತ್ತೇನೆ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಗೆ ಹೂವು ಅಂತ ಇಡುವ ಹಾಗೆ.