ಬಲಗಡೆ ಸೀಟಿನವರ ಸಹಿ: ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿಯುವವರಿಗೆ

ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿಯಬೇಕೆಂದರೆ ಯಾವ ಕಾಲೇಜಿಗೂ ಸೇರಬೇಕಿಲ್ಲ. ಸಣ್ಣ ಏರ್‌ಪೋರ್ಟೊಂದರಲ್ಲಿ ಒಬ್ಬ ಇನ್‌ಸ್ಟ್ರಕ್ಟರನ್ನು ಹುಡುಕಿಕೊಂಡರೆ ಆಯಿತು. ಇಲ್ಲಿ ಅವರಿಗೆ ಸಿಎಫ್‌ಐ ಅಂತಾರೆ. ಮೊದಲ ದಿನವೇ ನಿಮ್ಮನ್ನು ಎಡಗಡೆ, ಅಂದರೆ ಪೈಲಟ್ ಸೀಟಿನಲ್ಲಿ ಕೂರಿಸುತ್ತಾರೆ. ಅವರು ಬಲಗಡೆ. ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಇಬ್ಬರ ಕಾಲ ಕೆಳಗೂ ಇರುತ್ತದೆ.

ಆದರೆ ಅದಕ್ಕೂ ಮೊದಲು ಕಾಗದಪತ್ರ. ಅಮೆರಿಕದ ನಾಗರಿಕರಲ್ಲದವರು ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ) ಭದ್ರತಾ ತಪಾಸಣೆ ಮುಗಿಸಿ ಒಪ್ಪಿಗೆ ಪಡೆಯಬೇಕು. ಬೆರಳಚ್ಚು, ಶುಲ್ಕ ಎಲ್ಲ ಇದೆ. ಗ್ರೀನ್ ಕಾರ್ಡ್ ಇದ್ದವರಿಗೂ ವಿನಾಯಿತಿಯಿಲ್ಲ. 'ಡಿಸ್ಕವರಿ ಫ್ಲೈಟ್' ಅನ್ನುವ ಒಂದು ಸಲದ ರುಚಿ ನೋಡುವ ಹಾರಾಟಕ್ಕೆ ಮಾತ್ರ ಇದು ಬೇಡ. ಹಾಗಾಗಿ ಮೊದಲು ಅದನ್ನೇ ಮಾಡಿ. ಹೊಟ್ಟೆ ತೊಳಸಿದರೆ ಉಳಿದ ದುಡ್ಡಾದರೂ ಉಳಿಯಿತು! ಪ್ರವಾಸಿ ವೀಸಾದ ಮೇಲೆ ಬಂದವರು ಕೋರ್ಸ್ ಮಾಡುವಂತಿಲ್ಲ. ಬೇರೆ ವೀಸಾದವರು ವಕೀಲರನ್ನು ಒಂದು ಮಾತು ಕೇಳಿಕೊಳ್ಳಿ.

ಇನ್ನೊಂದು ಮೆಡಿಕಲ್. ಒಬ್ಬರೇ ಹಾರುವ ಮೊದಲು ಥರ್ಡ್ ಕ್ಲಾಸ್ ಮೆಡಿಕಲ್, ಅಂದರೆ ಆರೋಗ್ಯ ಪರೀಕ್ಷೆಯ ಸರ್ಟಿಫಿಕೇಟ್, ಕೈಯಲ್ಲಿರಬೇಕು. ಜೊತೆಗೆ ಇನ್‌ಸ್ಟ್ರಕ್ಟರ್ ಇದ್ದರೆ ಬೇಡ. ಆದರೂ ಜಾಸ್ತಿ ಖರ್ಚು ಮಾಡುವ ಮುಂಚೆ ಇದನ್ನು ಮುಗಿಸಿ. ಶುಗರ್, ಡಿಪ್ರೆಶನ್ ಮಾತ್ರೆ ತೆಗೆದುಕೊಳ್ಳುವವರು ಸುಮ್ನೆ ಫಾರ್ಮ್ ತುಂಬಿ ಹೋಗಬೇಡಿ. ವಾಯುಯಾನದ ಡಾಕ್ಟರ ಹತ್ತಿರ ಮೊದಲು ಮಾತಾಡಿ.

ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಕಾನೂನು ಕೇಳುವುದು ಕನಿಷ್ಠ 40 ಗಂಟೆ ಹಾರಾಟ. ಅದರಲ್ಲಿ ಕನಿಷ್ಠ 20 ಇನ್‌ಸ್ಟ್ರಕ್ಟರ್ ಜೊತೆ, 10 ಒಬ್ಬರೇ. 40ಕ್ಕೆ ಮುಗಿಸುವವರು ಕಡಿಮೆ. 60, 70ರ ಲೆಕ್ಕ ಹಾಕಿಕೊಂಡೇ ಹೊರಡಿ. ವಿಮಾನದ ಬಾಡಿಗೆ ಲೆಕ್ಕ ಹಾಕುವುದು ಸಾಮಾನ್ಯವಾಗಿ ಹಾಬ್ಸ್ ಮೀಟರ್ (ವಿಮಾನ ಓಡಿದ ಸಮಯ ಎಣಿಸುವ ಮೀಟರ್) ನೋಡಿ. ಅದು ಗಂಟೆಯ ಹತ್ತನೇ ಒಂದು ಭಾಗವನ್ನೂ ಬಿಡದೆ ಎಣಿಸುತ್ತದೆ. ನೆಲದ ಮೇಲೆ ಕೂತು ಪಾಠ ಹೇಳಿದ್ದಕ್ಕೂ ಬಿಲ್ ಬರುತ್ತದೆ. ಕಡಿಮೆಗೆ ಸಿಗುತ್ತದೆ ಅಂತ ಪೂರ್ತಿ ದುಡ್ಡು ಮುಂಗಡ ಕಟ್ಟಬೇಡಿ. ಸ್ಕೂಲ್ ಮುಚ್ಚಿದರೆ ವಾಪಸ್ ಬರುವುದು ಕಷ್ಟ.

ಇಲ್ಲಿ ಎಲ್ಲವೂ ನಿಂತಿರುವುದು ನಿಮ್ಮ ಹಾರಾಟದ ದಾಖಲೆ ಪುಸ್ತಕ, ಅಂದರೆ ಲಾಗ್‌ಬುಕ್ಕಿನಲ್ಲಿ ಇನ್‌ಸ್ಟ್ರಕ್ಟರ್ ಹಾಕುವ ಸಹಿಯ ಮೇಲೆ. ಅದಕ್ಕೆ ಎಂಡಾರ್ಸ್‌ಮೆಂಟ್ ಅಂತಾರೆ. ಒಬ್ಬರೇ ಹಾರಲು ಒಂದು ಸಹಿ, ಅದರ ಆಯಸ್ಸು 90 ದಿನ. ದೂರದ ಏರ್‌ಪೋರ್ಟಿಗೆ ಒಬ್ಬರೇ ಹೋಗಬೇಕೆಂದರೆ ಆ ದಿನದ ಹವೆ, ನಿಮ್ಮ ಲೆಕ್ಕಾಚಾರ ನೋಡಿ ಇನ್ನೊಂದು. ಕೊನೆಯ ಪರೀಕ್ಷೆಗೆ, ಅಂದರೆ ಚೆಕ್‌ರೈಡಿಗೆ, ಮತ್ತೊಂದು. ಸಹಿ ಇಲ್ಲದೆ ಪರೀಕ್ಷಕರು ನಿಮ್ಮನ್ನು ವಿಮಾನ ಹತ್ತಿಸುವುದೇ ಇಲ್ಲ.

ನಮ್ಮವರು ಎಡವುವುದೂ ಇಲ್ಲೇ. ಸಹಿ ಹಾಕುವವರು ಅಲ್ವಾ ಅಂತ ಎಲ್ಲದಕ್ಕೂ ತಲೆಯಾಡಿಸುತ್ತೇವೆ. ಅರ್ಥವಾಗದಿದ್ದರೂ 'ಓಕೆ' ಅನ್ನುತ್ತೇವೆ. ನಾನೂ ಹಾಗೇ ಮಾಡಿದೆ. ಸ್ಟಾಲ್ (ರೆಕ್ಕೆಗೆ ಎತ್ತಿಹಿಡಿಯುವ ಬಲ ತಪ್ಪುವುದು) ಪಾಠದಲ್ಲಿ ರಡ್ಡರ್ ಯಾಕೆ ಒತ್ತಬೇಕೆಂದು ಗೊತ್ತಾಗದೆಯೇ ಮೂರು ಕ್ಲಾಸ್ ಕಳೆದೆ. ಇಲ್ಲಿ ಪ್ರಶ್ನೆ ಕೇಳಿದರೆ ಯಾರೂ ಬೇಜಾರಾಗುವುದಿಲ್ಲ. ಹೆಸರು ಹಿಡಿದೇ ಕರೆಯಿರಿ, 'ಸರ್' ಬೇಕಿಲ್ಲ. ಕಂಟ್ರೋಲ್ ಕೈ ಬದಲಾಗುವಾಗಲಂತೂ ಬಾಯಿ ಬಿಡಲೇಬೇಕು. 'ಯು ಹ್ಯಾವ್ ದ ಫ್ಲೈಟ್ ಕಂಟ್ರೋಲ್ಸ್' ಅಂತ ಒಬ್ಬರು, 'ಐ ಹ್ಯಾವ್' ಅಂತ ಇನ್ನೊಬ್ಬರು, ಮತ್ತೆ ಮೊದಲನೆಯವರು ಅದನ್ನೇ ಖಚಿತ ಮಾಡಬೇಕು. ಇಲ್ಲವಾದರೆ ಇಬ್ಬರೂ ಹಿಡಿದು ಎಳೆದಾಡುತ್ತಾರೆ, ಅಥವಾ ಯಾರ ಕೈಯಲ್ಲೂ ಇರುವುದಿಲ್ಲ.

ಇನ್‌ಸ್ಟ್ರಕ್ಟರ್ ಸಿಕ್ಕ ದಿನವೇ ಅವರಿಗೆ ಎಷ್ಟು ಗಂಟೆ ಹಾರಾಟ ಆಗಿದೆ ಅಂತ ಕೇಳಿ. ಏರ್‌ಲೈನ್ ಕೆಲಸಕ್ಕೆ ಸಾಮಾನ್ಯವಾಗಿ 1,500 ಗಂಟೆ ಬೇಕು. ಅದನ್ನು ಕೂಡಿಸಲೆಂದೇ ಪಾಠ ಹೇಳುವ ಹುಡುಗರು ತುಂಬಾ. 1,400 ಆಗಿದ್ದರೆ ನಿಮ್ಮ ಚೆಕ್‌ರೈಡಿನ ತನಕ ಅವರು ಇರುವುದು ಅನುಮಾನ. ಹೊಸಬರು ಬಂದರೆ ಹಳೆ ಪಾಠಗಳನ್ನು ಮತ್ತೆ ಮಾಡಿಸಿ ನೋಡುತ್ತಾರೆ, ಅದೂ ನಿಮ್ಮ ದುಡ್ಡಿನಲ್ಲೇ. ಆದ್ದರಿಂದ ಪ್ರತಿ ಪಾಠವನ್ನೂ ಅವತ್ತೇ ಬರೆಸಿಕೊಳ್ಳಿ.

ಸೋಲೋ, ಅಂದರೆ ಮೊದಲ ಸಲ ಒಬ್ಬರೇ ಹಾರುವುದು, ಯಾವತ್ತು ಅಂತ ಇನ್‌ಸ್ಟ್ರಕ್ಟರ್ ಮೊದಲೇ ಹೇಳದೆಯೂ ಇರಬಹುದು. ಎರಡು ಮೂರು ಲ್ಯಾಂಡಿಂಗ್ ಚೆನ್ನಾಗಾದರೆ ಬಾಗಿಲು ತೆಗೆದು ಇಳಿದುಬಿಡುತ್ತಾರೆ. ಬಲಗಡೆ ಸೀಟು ಖಾಲಿಯಾದಾಗ ವಿಮಾನ ಹಗುರಾಗಿ ಬೇಗ ಮೇಲೇಳುತ್ತದೆ, ಗಾಬರಿಯಾಗಬೇಡಿ. ಇಳಿದ ಮೇಲೆ ನಿಮ್ಮ ಶರ್ಟಿನ ಹಿಂಭಾಗ ಕತ್ತರಿಸುವ ಸಂಪ್ರದಾಯವಿದೆ. ಹಳೆ ವಿಮಾನಗಳಲ್ಲಿ ಹಿಂದೆ ಕೂತ ಗುರುಗಳು ಶಿಷ್ಯನ ಶರ್ಟ್ ಎಳೆದು ಕರೆಯುತ್ತಿದ್ದರಂತೆ, ಇನ್ನು ಎಳೆಯುವುದು ಬೇಡ ಅಂತ ಕತ್ತರಿ. ಹಾರಾಟದ ಹತ್ತನೇ ಗಂಟೆ ದಾಟಿದ ಮೇಲೆ ಕ್ಲಾಸಿಗೆ ಹಳೆ ಶರ್ಟನ್ನೇ ಹಾಕಿಕೊಂಡು ಹೋಗಿ.