ಮೈನಸ್ ಚಳಿಯಲ್ಲಿ ಮೋಟರ್‌ಹೋಮ್: ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಅರಿಝೋನಾ ಅಂದರೆ ಬಿಸಿಲು, ಮರಳು, ಕಳ್ಳಿ ಗಿಡ ಅಂದುಕೊಂಡು ಡಿಸೆಂಬರ್ ರಜೆಯಲ್ಲಿ ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಇರುವ ವಾಹನವಾದ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುವ ನಮ್ಮವರು ಬಹಳ. ಫೀನಿಕ್ಸ್‌ನಲ್ಲಿ ತೆಳು ಸ್ವೆಟರ್ ಸಾಕು, ನಿಜ. ಆದರೆ ಕ್ಯಾನ್ಯನ್‌ನ ಸೌತ್ ರಿಮ್ (ದಕ್ಷಿಣದ ಅಂಚು) ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಲ್ಲಿ ಜನವರಿಯ ರಾತ್ರಿ ಮೈನಸ್ 8 ಡಿಗ್ರಿ ಸೆಲ್ಸಿಯಸ್ ಮಾಮೂಲು.

ಇವರು ರಗ್ಗು, ಮಂಕಿ ಕ್ಯಾಪು, ಉಣ್ಣೆ ಕಾಲುಚೀಲ ಎಲ್ಲ ತಂದಿರುತ್ತಾರೆ. ನೀರಿನ ಬಗ್ಗೆ ಮಾತ್ರ ಯಾರೂ ಯೋಚಿಸಿರುವುದಿಲ್ಲ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಒಂದು ಹನಿಯೂ ಬರುವುದಿಲ್ಲ. ಮಧ್ಯಾಹ್ನ ಬಿಸಿಲೇರಿದ ಮೇಲೆ ಸಿಂಕಿನ ಕೆಳಗಿಂದ ಧಾರಾಳವಾಗಿ ಬರುತ್ತದೆ. ನೀರು ಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಪ್ಲಾಸ್ಟಿಕ್ ಜಾಯಿಂಟು ಅದನ್ನು ತಾಳುವುದಿಲ್ಲ.

ಹಂತ 1: ಬಾಡಿಗೆ ಕರಾರು ಓದಿ

ಎಷ್ಟೋ ಬಾಡಿಗೆ ಕಂಪನಿಗಳು ಚಳಿಗಾಲದಲ್ಲಿ ನೀರಿನ ಪೈಪುಗಳನ್ನು ಖಾಲಿ ಮಾಡಿಯೇ ವಾಹನ ಕೊಡುತ್ತವೆ. ಹೆಪ್ಪುಗಟ್ಟಿ ಪೈಪು ಒಡೆದರೆ ಖರ್ಚು ನಿಮ್ಮದೇ ಎಂದು ಕರಾರಿನಲ್ಲಿ ಇರುತ್ತದೆ. ಕೀಲಿ ತೆಗೆದುಕೊಳ್ಳುವ ಮುನ್ನ ಒಂದೇ ಪ್ರಶ್ನೆ ಕೇಳಿ: ಫರ್ನೇಸಿನ (ಪ್ರೊಪೇನ್ ಗ್ಯಾಸಿನಲ್ಲಿ ಉರಿದು ವಾಹನವನ್ನು ಬೆಚ್ಚಗಿಡುವ ಯಂತ್ರ) ಬಿಸಿಗಾಳಿ ಕೆಳಗಿನ ನೀರಿನ ಟ್ಯಾಂಕುಗಳಿಗೂ ಹೋಗುತ್ತದೆಯೇ? 'ಫೋರ್ ಸೀಸನ್', 'ಆರ್ಕ್‌ಟಿಕ್ ಪ್ಯಾಕೇಜ್' ಎಂಬ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಅಮೆರಿಕದಲ್ಲಿ ಆ ಮಾತಿಗೆ ಗೊತ್ತಾದ ಅಳತೆಗೋಲು ಯಾವುದೂ ಇಲ್ಲ, ಯಾರು ಬೇಕಾದರೂ ಅಂಟಿಸಬಹುದು.

ಹಂತ 2: ಜಾಗ

ಸೌತ್ ರಿಮ್‌ನಲ್ಲಿ ಚಳಿಗಾಲದಲ್ಲೂ ತೆರೆದಿರುವುದು ಮೇಥರ್ ಕ್ಯಾಂಪ್‌ಗ್ರೌಂಡ್ ಮತ್ತು ಟ್ರೇಲರ್ ವಿಲೇಜ್. ಮೇಥರ್‌ನಲ್ಲಿ ಕರೆಂಟ್ ಹುಕಪ್ (ವಾಹನಕ್ಕೆ ಹೊರಗಿನಿಂದ ಕರೆಂಟ್ ಜೋಡಿಸುವ ವ್ಯವಸ್ಥೆ) ಇಲ್ಲ, ಟ್ರೇಲರ್ ವಿಲೇಜ್‌ನಲ್ಲಿ ಇದೆ. ಮೊದಲ ಸಲ ಹೋಗುವವರು ಸುಮ್ನೆ ಟ್ರೇಲರ್ ವಿಲೇಜ್ ಬುಕ್ ಮಾಡಿ. ದುಡ್ಡು ಜಾಸ್ತಿ, ಇರಲಿ. ಹಿಮ ಬಿದ್ದರೆ ಟೈರಿಗೆ ಚೈನ್ ಬೇಕಾಗುತ್ತದೆ, ಟೈರಿನ ಗಾಳಿಯನ್ನು ತಣ್ಣಗಿರುವಾಗ ನೋಡಿ, ದಾರಿಯ ಊರುಗಳಾದ ಫ್ಲ್ಯಾಗ್‌ಸ್ಟಾಫ್‌ ಅಥವಾ ವಿಲಿಯಮ್ಸ್‌ನಲ್ಲೇ ಪ್ರೊಪೇನ್ ತುಂಬಿಸಿಕೊಳ್ಳಿ.

ಹಂತ 3: ನೀರು

ಎರಡೇ ರಾತ್ರಿ ಇರುವವರಿಗೆ ನನ್ನ ಸಲಹೆ ಒಂದೇ. ನೀರಿನ ವ್ಯವಸ್ಥೆಯನ್ನು ಮುಟ್ಟಲೇಬೇಡಿ. ಟ್ಯಾಂಕು, ಪೈಪು, ವಾಟರ್ ಹೀಟರು ಎಲ್ಲ ಖಾಲಿ ಇರಲಿ. ಕುಡಿಯಲು, ಅಡುಗೆಗೆ ಕ್ಯಾನ್ ನೀರು ತಂದು ಒಳಗೇ ಇಟ್ಟುಕೊಳ್ಳಿ. ಟಾಯ್ಲೆಟ್‌ಗೆ ನೀರಿನ ಬದಲು ಮೋಟರ್‌ಹೋಮ್‌ಗಳಿಗೆಂದೇ ಮಾರುವ, ಬೇಗ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ, ಆರ್‌ವಿ ಆ್ಯಂಟಿಫ್ರೀಝ್ ಸುರಿಯಿರಿ. ಸ್ನಾನಕ್ಕೆ ಮೇಥರ್ ಪಕ್ಕದಲ್ಲೇ ಕಾಸು ಕೊಟ್ಟು ಬಳಸುವ ಶವರ್‌ಗಳಿವೆ. ತೆರೆದಿರುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ.

ಜಾಸ್ತಿ ದಿನ ಇರುತ್ತೀರಿ, ಮಕ್ಕಳಿದ್ದಾರೆ, ನಲ್ಲಿ ಬೇಕೇ ಬೇಕು ಅನ್ನುತ್ತೀರಾ? ಹಾಗಾದರೆ ಸಮಾಧಾನವಾಗಿ ಓದಿ.

ಹಗಲಿನಲ್ಲಿ ಒಳಗಿನ ಟ್ಯಾಂಕ್ ತುಂಬಿಸಿಕೊಳ್ಳಿ. ಕೂಡಲೇ ಹೋಸ್ ಬಿಚ್ಚಿ, ಒಳಗಿನ ನೀರು ಸುರಿದು, ಸುತ್ತಿಟ್ಟುಬಿಡಿ. ಆಮೇಲೆ ಪಂಪಿನಿಂದ ನೀರು ಬಳಸಿ. ಹೋಸನ್ನು ರಾತ್ರಿಯಿಡೀ ಕೊಳಾಯಿಗೆ ಜೋಡಿಸಿಟ್ಟರೆ ಅದು ಗಟ್ಟಿ ಕೋಲಾಗುತ್ತದೆ. ಅಷ್ಟೇ ಅಲ್ಲ, ಕ್ಯಾಂಪ್‌ಗ್ರೌಂಡಿನ ಕೊಳಾಯಿಗೂ ಪೆಟ್ಟು. ಚಳಿ ಪ್ರದೇಶದ ಕೊಳಾಯಿಗಳು ನಿಲ್ಲಿಸಿದಾಗ ಕಂಬದೊಳಗಿನ ನೀರು ನೆಲದಾಳಕ್ಕೆ ಇಳಿದುಹೋಗುವಂತೆ ಮಾಡಿರುತ್ತಾರೆ. ತೆರೆದೇ ಇಟ್ಟರೆ ಅದು ಇಳಿಯುವುದಿಲ್ಲ, ಅಲ್ವಾ? ಬಿಸಿ ತಂತಿ ಇರುವ ಹೋಸ್ ಸಿಗುತ್ತದೆ, ಒಳ್ಳೆಯದೇ. ಆದರೆ ಅದು ಹೋಸನ್ನಷ್ಟೇ ಕಾಪಾಡುತ್ತದೆ. ಕೊಳಾಯಿಯ ಕತ್ತಿನಲ್ಲೇ ಗಡ್ಡೆ ಕಟ್ಟಿದರೆ ಅದಕ್ಕೆ ಕೊಟ್ಟ ದುಡ್ಡು ದಂಡ.

ಇನ್ನು ಜಾಣರೇ ಬೀಳುವ ಹೊಂಡ. ಹುಕಪ್ ಇದೆ, ಕರೆಂಟ್ ಪುಕ್ಕಟೆ, ಪ್ರೊಪೇನ್ ಯಾಕೆ ಸುಡಬೇಕು ಎಂದು ಪುಟ್ಟ ಎಲೆಕ್ಟ್ರಿಕ್ ಹೀಟರ್ ಹಚ್ಚಿ ಮಲಗುತ್ತಾರೆ. ಕೋಣೆ ಬೆಚ್ಚಗಾಗುತ್ತದೆ. ಥರ್ಮೋಸ್ಟಾಟ್ ಅದನ್ನು ನೋಡಿ ಫರ್ನೇಸನ್ನು ಹೊತ್ತಿಸುವುದೇ ಇಲ್ಲ. ಫರ್ನೇಸ್ ಓಡದಿದ್ದರೆ ಕೆಳಗಿನ ಟ್ಯಾಂಕುಗಳಿಗೆ ಬಿಸಿಗಾಳಿ ಇಲ್ಲ. ನೀವು ಬೆವರುತ್ತಾ ಮಲಗಿರುವಾಗ ಕಾಲ ಕೆಳಗೆ ಪೈಪು ಹೆಪ್ಪುಗಟ್ಟುತ್ತಿರುತ್ತದೆ. ಆದ್ದರಿಂದ ರಾತ್ರಿ ಫರ್ನೇಸೇ ಓಡಲಿ. ಹೀಟರ್ ಬೇಕಿದ್ದರೆ ಹಗಲಿಗೆ ಇಟ್ಟುಕೊಳ್ಳಿ. ಸಿಂಕಿನ ಕೆಳಗಿನ ಕಪಾಟು, ಬಾತ್‌ರೂಮಿನ ಬಾಗಿಲು ತೆರೆದೇ ಇರಲಿ, ಬಿಸಿಗಾಳಿ ಗೋಡೆ ಪಕ್ಕದ ಪೈಪಿಗೂ ತಾಕಬೇಕು.

ಕೊಳೆನೀರಿನ ಗ್ರೇ ಟ್ಯಾಂಕಿನ ವಾಲ್ವ್ ಸದಾ ಮುಚ್ಚಿರಲಿ. ತೆರೆದಿಟ್ಟರೆ ನೀರು ತೊಟ್ಟು ತೊಟ್ಟಾಗಿ ಹರಿದು ಕೊಳೆ ಪೈಪಿನಲ್ಲಿ ಪದರ ಪದರವಾಗಿ ಗಡ್ಡೆ ಕಟ್ಟುತ್ತದೆ, ಕೊನೆಗೆ ಪೂರಾ ಮುಚ್ಚಿಹೋಗುತ್ತದೆ. ಟ್ಯಾಂಕ್ ತುಂಬಿದ ಮೇಲೆ, ಹಗಲಿನಲ್ಲಿ, ಒಂದೇ ಸಲಕ್ಕೆ ಬಿಡಿ. ಸಾರು ಕುಡಿದ ಪಾತ್ರೆಯ ಜಿಡ್ಡನ್ನು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ. ತಣ್ಣಗಿನ ಟ್ಯಾಂಕಿನಲ್ಲಿ ತುಪ್ಪ ಬೆಣ್ಣೆಯ ಹಾಗೇ ಕೂತುಬಿಡುತ್ತದೆ.

ಆ್ಯಂಟಿಫ್ರೀಝ್ ಕೊಳ್ಳುವಾಗ ಎರಡು ಎಚ್ಚರಿಕೆ. ಕಾರಿನ ರೇಡಿಯೇಟರಿಗೆ ಹಾಕುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ. ನೀರಿನ ಪೈಪಿಗೆ ಅದು ಬೇಡವೇ ಬೇಡ. ಪ್ರೊಪಿಲೀನ್ ಗ್ಲೈಕಾಲ್ ಎಂದು ಬರೆದ ಗುಲಾಬಿ ಬಣ್ಣದ್ದೇ ತನ್ನಿ. ಡಬ್ಬಿಯ ಮೇಲಿನ 'ಮೈನಸ್ 50' ಫ್ಯಾರನ್‌ಹೀಟ್ ಲೆಕ್ಕ, ಅದೂ ಪೈಪು ಒಡೆಯದಿರುವ ಮಟ್ಟ. ಅದಕ್ಕಿಂತ ಬಹಳ ಮೊದಲೇ ಅದು ಗಂಜಿಯಂತಾಗುತ್ತದೆ. ನೀರು ಬೆರೆಸಿ ಉಳಿತಾಯ ಮಾಡಲು ಹೋಗಬೇಡಿ.

ಹಂತ 4: ಗ್ಯಾಸು, ಬ್ಯಾಟರಿ

30 ಸಾವಿರ ಬಿಟಿಯು (ಗಂಟೆಗೆ ಸುಡುವ ಶಾಖದ ಅಳತೆ) ಫರ್ನೇಸ್ ಎಡೆಬಿಡದೆ ಉರಿದರೆ ಮೂರು ಗಂಟೆಗೆ ಸುಮಾರು ಒಂದು ಗ್ಯಾಲನ್ ಪ್ರೊಪೇನ್ ಬೇಕು. ಗ್ಯಾಸ್ ತುಂಬಿದ್ದರೂ ಫರ್ನೇಸಿನ ಫ್ಯಾನ್ ತಿರುಗದಿದ್ದರೆ ಬೆಂಕಿ ಹೊತ್ತುವುದಿಲ್ಲ, ಆ ಫ್ಯಾನಿಗೆ ಬ್ಯಾಟರಿ ಬೇಕು. ಮೇಥರ್‌ನಲ್ಲಿ ಹುಕಪ್ ಇಲ್ಲದೆ ನಿಂತವರಿಗೆ ನಸುಕಿನಲ್ಲಿ ಕೈಕೊಡುವುದು ಇದೇ. ಚಳಿಗೆ ಲೆಡ್ ಆ್ಯಸಿಡ್ ಬ್ಯಾಟರಿಯ ಶಕ್ತಿ ಇಳಿಯುತ್ತದೆ, ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಜನರೇಟರನ್ನು ನಿಗದಿತ ಹೊತ್ತಿನಲ್ಲಿ ಮಾತ್ರ ಓಡಿಸಬಹುದು, ಆ ಹೊತ್ತನ್ನು ತಪ್ಪಿಸಬೇಡಿ.

ಹೊರಗೆ ದೋಸೆ ಹುಯ್ಯೋಣ ಅಂತ ಬ್ಯುಟೇನ್ ಕ್ಯಾನಿನ ಪುಟ್ಟ ಒಲೆ ತರುವವರಿದ್ದಾರೆ. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್‌ಗೆ ಮೈನಸ್ 42ರ ತನಕ ಆ ತೊಂದರೆ ಇಲ್ಲ. ಆ ಒಲೆ ಮನೆಯಲ್ಲೇ ಇರಲಿ.

ಹಂತ 5: ಆವಿ

ನಾಲ್ಕು ಜನ ಉಸಿರಾಡಿ, ಜೊತೆಗೆ ಕುಕ್ಕರ್ ಐದು ಸಲ ಕೂಗಿದರೆ, ಆ ಆವಿಯೆಲ್ಲ ತಣ್ಣನೆ ಗಾಜಿಗೆ ತಾಕಿ ನೀರಾಗಿ ಹಾಸಿಗೆಗೆ ಇಳಿಯುತ್ತದೆ. ಅಡುಗೆ ಹೊತ್ತಿನಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ, ರಾತ್ರಿ ಚಾವಣಿಯ ವೆಂಟನ್ನು ಒಂದು ಬೆರಳಷ್ಟು ತೆರೆದಿಡಿ. ಚಳಿಯಲ್ಲಿ ಕಿಂಡಿ ತೆರೆಯುವುದೇ ಎಂದು ಮನೆಯವರು ಗೊಣಗುತ್ತಾರೆ, ಗೊಣಗಲಿ. ಬೇರೆ ಊರಿನಿಂದ ಅನ್ನ, ಪಲ್ಯ ಮಾಡಿಕೊಂಡು ಬಂದರೆ ಇನ್ನೂ ಒಳ್ಳೆಯದು.

ಅಡುಗೆ ಒಲೆ ಹಚ್ಚಿ ಮೈ ಕಾಯಿಸಿಕೊಳ್ಳಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಡಿಟೆಕ್ಟರಿನ ಬಟನ್ ಒತ್ತಿ ಕೂಗುತ್ತದೆಯೇ ನೋಡಿ. ಹಿಮ ಬಿದ್ದ ರಾತ್ರಿ ಎದ್ದು ಫರ್ನೇಸಿನ ಹೊಗೆ ಕಿಂಡಿಯ ಮುಂದಿನ ಹಿಮ ಸರಿಸಿ.

ಹಂತ 6: ವಾಪಸ್ ಹೊರಡುವಾಗ

ಸ್ಲೈಡ್ ಔಟ್ (ವಾಹನ ನಿಂತಾಗ ಹೊರಕ್ಕೆ ಚಾಚುವ ಕೋಣೆಯ ಭಾಗ) ಒಳಗೆಳೆಯುವ ಮುನ್ನ ಅದರ ಮೇಲಿನ ಹಿಮ ಗುಡಿಸಿ. ನೀರು ಬಳಸಿದ್ದರೆ ಟ್ಯಾಂಕು ಬರಿದು ಮಾಡಿ. ವಾಟರ್ ಹೀಟರ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ, ಒತ್ತಡ ಇಳಿಸಿ ಅದನ್ನೂ ಖಾಲಿ ಮಾಡಿ. ಪೈಪಿಗೆ ಗುಲಾಬಿ ದ್ರವ ಎಳೆಯುವ ಮುನ್ನ ಹೀಟರನ್ನು ಬಿಟ್ಟು ಹರಿಯುವಂತೆ ಮಾಡುವ ಬೈಪಾಸ್ ವಾಲ್ವ್ ತಿರುಗಿಸಲು ಮರೆತರೆ ಅಷ್ಟೂ ದ್ರವ ಹೀಟರಿನ ಹೊಟ್ಟೆಗೇ ಹೋಗುತ್ತದೆ. ಆಮೇಲೆ ಬಿಸಿ, ತಣ್ಣೀರು ಎರಡೂ ನಲ್ಲಿಗಳಲ್ಲಿ ಗುಲಾಬಿ ಬಣ್ಣ ಬರುವವರೆಗೆ ಬಿಡಿ. ಸಿಂಕು, ಶವರಿನ ಬಚ್ಚಲ ತೂತಿಗೂ ಒಂದೊಂದು ಲೋಟ ಸುರಿಯಿರಿ. ವಾಹನದ ಹೊರಮೈಯಲ್ಲಿ ಪುಟ್ಟ ಬಾಗಿಲ ಹಿಂದೆ ಇನ್ನೊಂದು ಶವರ್ ಇದ್ದರೆ ಅದನ್ನೂ ಬಿಡಬೇಡಿ. ಹೆಚ್ಚಿನವರು ಮರೆಯುವುದು ಅದನ್ನೇ, ಒಡೆಯುವುದೂ ಅದೇ.